ವಿದ್ಯೆಗೆಂದಿಟ್ಟ ಇಡುಗಂಟು

ನಂದಿಬೆಟ್ಟದ ಸಾಲಿನ ತಪ್ಪಲಲ್ಲಿ, ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಮುದ್ದೇನಹಳ್ಳಿಗೆ ಬರುವ ಜನರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿ ಬೆಳೆದ ಮನೆಯನ್ನೂ ಅವರ ಸ್ಮಾರಕವನ್ನೂ ದರ್ಶನಮಾಡಿ, ಕನ್ನಂಬಾಡಿಯ ಕಟ್ಟೆಯನ್ನೂ ಭದ್ರಾವತಿಯ ಕಾರ್ಖಾನೆಯನ್ನೂ ನೆನೆದು ಹಿಂದಿರುಗುವುದು ವಾಡಿಕೆ. ಆ ಮಹನೀಯರ ಜೀವಿತದ ಮೊದಲ ಭಾಗದಲ್ಲಿ ಬರುವ ಒಂದು ಸಂಗತಿಯನ್ನು, ಮುಂದಿನ ಕೀರ್ತಿಯೆಲ್ಲಕ್ಕೂ ಅದೇ ಬೀಜವಾಗಿದ್ದರೂ, ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಸಂಸ್ಕೃತ ವಿದ್ವಾಂಸರಾಗಿದ್ದ ತಂದೆ ಶ್ರೀನಿವಾಸಶಾಸ್ತ್ರಿಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡು, ಚಿಕ್ಕಬಳ್ಳಾಪುರದ ಶಾಲೆಯಿಂದ ಬೆಂಗಳೂರಿಗೆ ಬಂದು, ಸೋದರಮಾವನ ಆಶ್ರಯದಲ್ಲಿ ಇದ್ದುಕೊಂಡು, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಿದ ಅಲ್ಪ ಹಣದಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ಆ ತರುಣನಿಗೆ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುವ ಮಾರ್ಗವನ್ನು ತೆರೆದದ್ದು ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನ. 1883ರ ಪರೀಕ್ಷೆಯಲ್ಲಿ ಅವರು ಪ್ರಥಮಸ್ಥಾನ ಗಳಿಸಿದರು; ಮರುವರ್ಷವೇ ಮುಂಬಯಿ ಸರ್ಕಾರದ ಕೆಲಸ ಅವರಿಗೆ ದೊರೆಯಿತು.

ಬಡ ವಿದ್ಯಾರ್ಥಿಯನ್ನು ಪೋಷಿಸುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ವಿಷಯವನ್ನು ಕ್ರಿ.ಶ. 945ರ ಶಾಸನವೊಂದು ವಿವರವಾಗಿ ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ನಿವೇಶನಗಳು, ರಾತ್ರಿ ಓದುವವರ ದೀಪದ ಎಣ್ಣೆಗೆಂದು ಪ್ರತ್ಯೇಕ ಭೂಮಿ, ಅದರ ಮೇಲೆ ಊರಿನ ಜನರು ಮದುವೆಗೆ ಇಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಆ ಅರ್ಧದಲ್ಲಿ ಅರ್ಧ ಎಂದು ತಾವಾಗಿ ಒಪ್ಪಿಕೊಂಡು ಕೊಡುತ್ತಿದ್ದ ಕಾಣಿಕೆ. ಎಣ್ಣೆಯ ಖರ್ಚನ್ನು ಕೂಡ ಮರೆಯದ ಆ ದಾನಿಯ ಮುಂದಾಲೋಚನೆ ಎಂಥದು! ದೀಪ ಒಂದು ರಾತ್ರಿ ಉರಿದು ಆರತಕ್ಕದ್ದಲ್ಲವೆಂದು ತಿಳಿದುದರಿಂದಲೇ ಆತನು ಎಣ್ಣೆಗೆ ಹಣವನ್ನು ಕೊಡದೆ ಹೊಲವನ್ನು ಬಿಟ್ಟುಕೊಟ್ಟನು.

ಕಾಲಾಂತರದಲ್ಲಿ ಇಂತಹ ದತ್ತಿಗಳು ಕ್ಷೀಣಿಸಿ, ಹತ್ತೊಂಬತ್ತನೆಯ ಶತಮಾನದ ವೇಳೆಗೆ ಹಳೆಯ ಮೈಸೂರಿನ ಊರುಗಳಲ್ಲಿ ಬಡ ಹುಡುಗನ ಪಾಲಿಗೆ ಉಳಿದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಯಾವುದಾದರೊಂದು ವಾರ ತಪ್ಪಿದರೆ ಆ ದಿನ ನೀರು ಕುಡಿದು ಶಾಲೆಗೆ ಹೋಗಿ ಓದಿದವರು ಮುಂದೆ ನ್ಯಾಯಾಧೀಶರೂ ಪ್ರಾಧ್ಯಾಪಕರೂ ಆದರು. ಅನ್ನವಿಟ್ಟ ತಾಯಂದಿರ ಕರುಣೆಗೆ ಎಷ್ಟು ನಮಸ್ಕರಿಸಿದರೂ ಸಾಲದು. ಆದರೆ ವಾರಾನ್ನ ಜಾತಿಯ ಹೊಸ್ತಿಲನ್ನು ದಾಟಿದ್ದು ಬಲು ಅಪರೂಪ; ಪಂಕ್ತಿಯಲ್ಲಿ ಕೂರಲು ಅಧಿಕಾರವಿಲ್ಲದ ಹುಡುಗನಿಗೆ ಆ ಏಳು ಮನೆಗಳಲ್ಲಿ ಒಂದೂ ಸಿಗುತ್ತಿರಲಿಲ್ಲ. ಮನೆಯೊಡತಿಯ ಕಾಯಿಲೆ, ಯಜಮಾನನ ವರ್ಗ, ಇಂತಹ ಯಾವುದೋ ಒಂದು ನೆವದಿಂದ ವಿದ್ಯೆಯೇ ನಿಂತುಹೋಗುವ ಭಯವಂತೂ ಎಲ್ಲರಿಗೂ ಇದ್ದೇ ಇತ್ತು.

ಈ ಅನಿಶ್ಚಿತತೆಯಿಂದ ವಿದ್ಯೆಯನ್ನು ಬಿಡಿಸಿ ಅದಕ್ಕೊಂದು ಸ್ಥಿರವಾದ ಆಧಾರವನ್ನು ಕಲ್ಪಿಸಿಕೊಟ್ಟ ಉದ್ಯಮಿಗಳಲ್ಲಿ ಅಗ್ರಗಣ್ಯರು ಜಮ್‌ಷೆಡ್‌ಜಿ ಟಾಟಾ ಅವರು. ಪರದೇಶಕ್ಕೆ ಓದಲು ಹೋಗುವ ಭಾರತೀಯರಿಗಾಗಿ ಅವರು 1892ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಅದರ ನೆರವು ಸಾಲರೂಪದ್ದು, ಓದಿ ಗಳಿಸಿದವನು ಹಿಂದಿರುಗಿಸಿದ ಹಣ ಮುಂದಿನವನಿಗೆ ಸಲ್ಲುವಂತಹದು. ಅನಂತರ ಅವರು ಸಂಶೋಧನೆಗೇ ಮೀಸಲಾದ ವಿದ್ಯಾಸಂಸ್ಥೆಯೊಂದನ್ನು ಸಂಕಲ್ಪಿಸಿ, ಮುಂಬಯಿಯಲ್ಲಿದ್ದ ತಮ್ಮ ಆಸ್ತಿಯಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಭಾಗವನ್ನು ಅದಕ್ಕೆಂದು ಎತ್ತಿಟ್ಟರು. 1904ರಲ್ಲಿ ಅವರು ಕಾಲವಾದಾಗ ಸಂಸ್ಥೆಯ ಒಂದು ಗೋಡೆಯೂ ಎದ್ದಿರಲಿಲ್ಲ. ಆದರೂ ಸಂಕಲ್ಪ ಕೆಡಲಿಲ್ಲ. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನೂ, ಕಟ್ಟಡಕ್ಕೆ 5 ಲಕ್ಷ ರೂಪಾಯಿಯನ್ನೂ, ವರ್ಷಂಪ್ರತಿ 50,000 ರೂಪಾಯಿಯನ್ನೂ ಕೊಡಲು ಒಪ್ಪಿತು. ಭಾರತ ಸರ್ಕಾರ 1909ರಲ್ಲಿ ಆಜ್ಞೆ ಹೊರಡಿಸಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಬೆಂಗಳೂರಿನ ಜನ ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ದಾನಿ ಹೋದಮೇಲೂ ದಾನ ನಡೆಯಿತಾದರೆ, ಅದು ಕೈಯಿಂದ ಕೈಗೆ ಸಂದ ದುಡ್ಡಾಗಿರದೆ, ಬಯಲುಸೀಮೆಯ ಕೆರೆಯಂತೆ, ಮಳೆ ನಿಂತ ಮೇಲೂ ತೂಬಿನಲ್ಲಿ ನೀರು ಹರಿಸುವ ಸಂಗ್ರಹವಾಗಿತ್ತು ಎಂಬುದೇ ಅದಕ್ಕೆ ಕಾರಣ.

ಆ ಸಂಸ್ಥೆಯಿಂದ ನಾಡಿಗೆ ಒದಗಿದ ಪ್ರತಿಫಲವೂ ಬೇಗನೆ ಕಾಣಿಸಿತು. 1914ರ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧಕ್ಕೆ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಗಿ, ಕೊರಡುಗಳು ಕೊಳ್ಳುವವರಿಲ್ಲದೆ ಬಿದ್ದಿದ್ದಾಗ, ಅಲ್ಲಿಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಎಸ್.ಜಿ. ಶಾಸ್ತ್ರಿಗಳನ್ನು ಸರ್ಕಾರ ತನ್ನ ಖರ್ಚಿನಿಂದ ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ಮತ್ತು ಸುಗಂಧದ್ರವ್ಯಗಳ ತಂತ್ರವನ್ನು ಕಲಿಸಿ ತರಿಸಿತು. ಇಂದು ನಮ್ಮ ಬಚ್ಚಲುಮನೆಗಳಲ್ಲಿ ಪರಿಮಳ ಬೀರುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಉದ್ಯಮಿಯೊಬ್ಬರ ದತ್ತಿಯೂ ಸರ್ಕಾರದ ವಿದ್ಯಾರ್ಥಿವೇತನವೂ ಇವೆ.

ಆ ವೇಳೆಗೆ ದಿವಾನ್ ಪದವಿಯಲ್ಲಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಪ್ರೇರಣೆಯಿಂದ 1911ರಲ್ಲಿ ಏರ್ಪಟ್ಟ ಮೈಸೂರು ಸಂಪದಭ್ಯುದಯ ಸಮಾಜದ ಚರಿತ್ರೆಯನ್ನು ಕನ್ನಡಿಗರು ಇನ್ನಷ್ಟು ಆದರದಿಂದ ಓದಬೇಕೆಂದು ನನಗೆ ತೋರುತ್ತದೆ. ಸಂಪತ್ತಿನ ವೃದ್ಧಿಗೆಂದು ಹುಟ್ಟಿದ ಆ ಸಮಾಜದಲ್ಲಿ ಕೃಷಿಗೆ, ಕೈಗಾರಿಕೆ ವಾಣಿಜ್ಯಗಳಿಗೆ, ವಿದ್ಯೆಗೆ ಬೇರೆಬೇರೆ ಸಮಿತಿಗಳಿದ್ದುವು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾದುದೂ ಮುಂದೆ ವಾಣಿಜ್ಯ ಮಂಡಲಿ ರೂಪುಗೊಂಡುದೂ ಆ ಕಾಲದ ಉತ್ಸಾಹದಿಂದಲೇ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಕನ್ನಡ ಭಾಷೆಯ ಅಭಿವೃದ್ಧಿಗೆ ಒಂದು ಪರಿಷತ್ತು ಬೇಕೆಂಬ ಯೋಚನೆಯೂ ಇದೇ ಸಮಾಜದಲ್ಲಿ ಮೊಳೆತು, ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿದ್ವಾಂಸರು ಸಭೆ ಸೇರಿ, 1915ರ ಮೇ 5ರಂದು ಇಂದಿನ ಕನ್ನಡ ಸಾಹಿತ್ಯ ಪರಿಷತ್ತು ಜನ್ಮತಾಳಿತೆಂಬುದು ಎಷ್ಟು ಜನಕ್ಕೆ ನೆನಪಿದೆ? ಪರಿಷತ್ತಿನ ಪ್ರಥಮ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ 1916ರ ಜುಲೈ 27ರಂದು ಅಸ್ತಿತ್ವಕ್ಕೆ ಬಂದ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳೂ ಆದರು. ಬ್ಯಾಂಕು, ಗಂಧದೆಣ್ಣೆಯ ಕಾರ್ಖಾನೆ, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾನಿಲಯ ಇವು ನಾಲ್ಕೂ ಮೂರು ನಾಲ್ಕು ವರ್ಷಗಳ ಅಂತರದಲ್ಲಿ, ಬಹುಮಟ್ಟಿಗೆ ಒಂದೇ ಗೋಷ್ಠಿಯ ಜನರಿಂದ ಆದುವು. ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೂ ಕವಿಯ ಓಲೆಗರಿಗೂ ಸಂಬಂಧವಿಲ್ಲವೆಂಬ ಭಾವನೆ ಅವರಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯನವರು ಓದಿದ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವೇ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರತಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಆ ಪತ್ರಿಕೆಯನ್ನು ಕೈಗೆತ್ತಿಕೊಂಡಿತು.

ಪರಿಷತ್ತಿನಲ್ಲಿ ಬೆಳೆದುಬಂದ ದತ್ತಿಯ ಪದ್ಧತಿಯೂ ಇಲ್ಲಿ ಸ್ಮರಣೀಯ. ಮನೆತನವೊಂದು ಹಿರಿಯರ ಹೆಸರಿನಲ್ಲಿ ಇಂತಿಷ್ಟು ಹಣವನ್ನು ಇಡುಗಂಟಾಗಿ ಇಡುತ್ತದೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ಬಂದ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸವೋ ಗ್ರಂಥಕ್ಕೆ ಬಹುಮಾನವೋ ನಡೆಯುತ್ತದೆ. ವಿಶ್ವವಿದ್ಯಾನಿಲಯಗಳ ಘಟಿಕೋತ್ಸವದಲ್ಲಿ ಕೊಡುವ ಚಿನ್ನದ ಪದಕಗಳ ಹಿಂದೆಯೂ ಇಂತಹ ಸಣ್ಣ ಸಣ್ಣ ಗಂಟುಗಳೇ ಇವೆ. ಬೆಲೆಗಳು ಏರಿ ಬಡ್ಡಿ ಕರಗಿದ ಮೇಲೆ ಎಷ್ಟೋ ಪದಕಗಳಲ್ಲಿ ಚಿನ್ನ ಹೆಸರಿಗೆ ಮಾತ್ರ ಉಳಿದಿದ್ದರೂ, ಪದಕ ಧರಿಸುವ ಮಗುವಿಗೆ ತನಗಿಂತ ಮೊದಲು ಅದನ್ನು ಪಡೆದವರ ಸಾಲೊಂದಿದೆಯೆಂಬ ಅರಿವು ಉಂಟಾಗುತ್ತದೆ. ಆ ಅರಿವು ಒಂದು ವರ್ಷದ ಹಣದಿಂದ ಬರತಕ್ಕದ್ದಲ್ಲ.

ಆ ಯುಗದ ಕೊರತೆಯನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಪ್ರತಿಭೆಗೇ ಮನ್ನಣೆ ಸಲ್ಲಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು, ಹಿಂದುಳಿದ ವರ್ಗಗಳಿಗೆ ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಿಡಬೇಕೆಂಬ ಯೋಜನೆಯ ವಿಷಯದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ತಾಳಿ, 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಅದೇ ವರ್ಷ ನೇಮಕವಾದ ಮಿಲ್ಲರ್ ಸಮಿತಿ ಆ ವರ್ಗಗಳ ಪರವಾಗಿ ವರದಿ ಕೊಟ್ಟಿತು. ಪ್ರತಿಭೆ ಅರಳುವುದಕ್ಕೂ ಮೊದಲು ಒಂದು ತುತ್ತು ಅನ್ನ, ಒಂದು ಸೂರು ಬೇಕೆಂಬುದನ್ನು ತಮ್ಮ ಬಾಲ್ಯದಿಂದ ಬಲ್ಲ ಆ ಹಿರಿಯರು, ಏಳು ಮನೆಗಳ ಬಾಗಿಲೂ ಮುಚ್ಚಿದ್ದ ಮಕ್ಕಳ ಪಾಡನ್ನು ಇನ್ನೂ ಆಳವಾಗಿ ಚಿಂತಿಸಬಹುದಾಗಿತ್ತು. ನಾನು ಅವರನ್ನು ಪೂಜ್ಯಬುದ್ಧಿಯಿಂದಲೇ ಕಾಣುತ್ತೇನೆ. ಆದರೆ ಈ ವಿಷಯದಲ್ಲಿ ನ್ಯಾಯ ಮಿಲ್ಲರ್ ಸಮಿತಿಯ ಕಡೆಗಿತ್ತು.

ಅವರ ಔದಾರ್ಯದ ಸ್ವರೂಪವನ್ನು ತೋರಿಸುವ ಪ್ರಸಂಗವೊಂದುಂಟು. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ಆರು ವರ್ಷಗಳ ಕಾಲ ನಿಂತು ನಡೆಸಿದ ವಿಶ್ವೇಶ್ವರಯ್ಯನವರು, ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವತನಕ ಸಂಭಾವನೆಯ ಮಾತೆತ್ತಲಿಲ್ಲ. ತರುವಾಯ ಅವರಿಗೆ ಸಲ್ಲಬೇಕಾಗಿದ್ದ ಮೊತ್ತ ಲಕ್ಷ ರೂಪಾಯಿಯನ್ನು ಮೀರಿತ್ತು. ಆ ಹಣದಿಂದ ತರುಣರಿಗೆ ಕಸುಬು ಕಲಿಸುವ ಶಾಲೆಯನ್ನು ತೆರೆಯಬೇಕೆಂದು ಅವರು ಕೇಳಿಕೊಂಡರು. ಶಾಲೆಗೆ ಅವರದೇ ಹೆಸರಿಡಬೇಕೆಂಬ ಸಲಹೆ ಬಂದಾಗ ಒಪ್ಪದೆ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಶಾಲೆ ಈಗ ಎಸ್.ಜೆ. ಪಾಲಿಟೆಕ್ನಿಕ್ ಆಗಿದೆ.

ಮುದ್ದೇನಹಳ್ಳಿಯ ಸೀಮೆಯವರೇ ಆದ ಮತ್ತೊಬ್ಬ ಮಹನೀಯರು ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು. 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿ, ಹೈಸ್ಕೂಲು ಓದಲೆಂದು ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದ ಅವರು ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ವಾಸ ಮಾತ್ರ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ಬಂದದ್ದು ಅವರಿಂದ. ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಕೈಯೇ ಸಂಗೀತ ನಾಟಕಗಳಿಗೂ ವೇದಿಕೆಯನ್ನು ಒದಗಿಸಿತು.

ಈಗಿನ ಕಾಲದಲ್ಲಿ ಉದ್ಯಮಗಳ ಕೊಡುಗೆ ಶಾಸನದ ಕಟ್ಟಳೆಗೆ ಒಳಪಟ್ಟಿದೆ. 2013ರ ಕಂಪನಿಗಳ ಕಾಯ್ದೆಯಂತೆ, ನಿರ್ದಿಷ್ಟ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿಯಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ವಿದ್ಯೆಯೂ ಕಲೆ ಸಂಸ್ಕೃತಿಗಳೂ ಆ ಪಟ್ಟಿಯಲ್ಲಿವೆ. ಇದು ದೊಡ್ಡ ಹೆಜ್ಜೆ. ಮುದ್ದೇನಹಳ್ಳಿಯಲ್ಲಿಯೇ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚಿನಲ್ಲಿ ಶುಲ್ಕವಿಲ್ಲದ ವೈದ್ಯಕೀಯ ಕಾಲೇಜು ಆರಂಭವಾಗಿದೆ. ದಾನದ ಹಣ ಹಳ್ಳಿಯ ಅಂಗಳಕ್ಕೆ ಬಂದರೆ ಏನಾಗಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ಕಾಯ್ದೆಯ ಹಣ ಆಯಾ ವರ್ಷದ ಲೆಕ್ಕದಲ್ಲಿ, ದೀರ್ಘ ಯೋಜನೆಯಾದರೆ ಮೂರು ವರ್ಷಗಳೊಳಗೆ, ಖರ್ಚಾಗಿಹೋಗಬೇಕು. 2021ರ ಜನವರಿಯಲ್ಲಿ ಆದ ತಿದ್ದುಪಡಿಯ ತರುವಾಯ, ಸಂಸ್ಥೆಯೊಂದರ ಮೂಲನಿಧಿಗೆ ಕೊಟ್ಟ ಹಣ ಈ ಬಾಬಿನಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ. ಕೊಟ್ಟ ಹಣ ನಿಧಿಯಲ್ಲಿ ಕೂಡಿಬಿದ್ದು ಯಾರಿಗೂ ಮುಟ್ಟದೆ ಹೋದೀತೆಂಬ ಶಂಕೆ ನ್ಯಾಯವಾದದ್ದೇ. ಆದರೂ ಸಾಲೋಟಗಿಯ ದೀಪದ ಹೊಲ, ಟಾಟಾ ಅವರ ಆಸ್ತಿ, ಪರಿಷತ್ತಿನ ದತ್ತಿ ಇವುಗಳ ಜಾತಿಯ ಕೊಡುಗೆಗೆ ಅಲ್ಲಿ ಸ್ಥಳವಿಲ್ಲದಂತಾಯಿತು. ನಾಲ್ಕು ವರ್ಷ ಓದಬೇಕಾದ ಹುಡುಗಿಗೆ ಎರಡನೆಯ ವರ್ಷ ಲಾಭ ಕುಗ್ಗಿತೆಂದು ವೇತನ ನಿಂತರೆ, ಅದು ವಾರ ತಪ್ಪಿದ ಮನೆಗಿಂತ ಹೇಗೆ ಬೇರೆ?

ವ್ಯಕ್ತಿಗಳು ಸ್ವಂತ ಸಂಪತ್ತಿನಿಂದ ಕೊಡುವ ದತ್ತಿಗೆ ಈ ಅಡ್ಡಿಯಿಲ್ಲ. ಇನ್ಫೋಸಿಸ್ ಸಂಸ್ಥಾಪಕರ ಕುಟುಂಬದ ರೋಹನ್ ಮೂರ್ತಿಯವರು 2010ರಲ್ಲಿ ಹಾರ್ವರ್ಡಿಗೆ ಕೊಟ್ಟ 52 ಲಕ್ಷ ಡಾಲರುಗಳ ಮೂಲಧನದಿಂದ ಭಾರತದ ಅಭಿಜಾತ ಕೃತಿಗಳ ಮಾಲೆಯೊಂದು 2015ರಿಂದ ಹೊರಬರುತ್ತಿದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ, ಕನ್ನಡ ಲಿಪಿಯ ಮೂಲದ ಎದುರು ಪುಟದಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ, ಆ ಮಾಲೆಯಲ್ಲಿ ಪ್ರಕಟವಾಯಿತು. ಶೇಕಡ 2ರ ಹಣದಲ್ಲಿ ಒಂದು ಪಾಲನ್ನಾದರೂ, ಕಟ್ಟುನಿಟ್ಟಾದ ಲೆಕ್ಕಪರಿಶೋಧನೆಗೆ ಒಳಪಡಿಸಿ, ನಮ್ಮ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿವೇತನಕ್ಕೂ ಕನ್ನಡದ ಕೆಲಸಕ್ಕೂ ಇಂತಹ ಇಡುಗಂಟಾಗಿ ಇಡಲು ಅನುವಾಗುವಂತೆ ಆ ನಿಯಮವನ್ನು ತಿದ್ದಬೇಕೆಂದು ಕೇಳುವ ಹಕ್ಕು, ಸಂಪದಭ್ಯುದಯ ಸಮಾಜದ ವಾರಸುದಾರರಾದ ಕನ್ನಡಿಗರಿಗೆ ಎಲ್ಲರಿಗಿಂತ ಮೊದಲು ಉಂಟು.