ಸೋಮವಾರದ ಮೇವು

ಯಾವ ರೇಸೇ ಇರಲಿ, ದುಡ್ಡಿನ ಮುಗ್ಗಟ್ಟು ಬಂದಾಗ ಅದರ ಗತಿ ಏನಾಗುತ್ತದೆ ಎಂದು ತಿಳಿಯಲು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಓಡದ ದಿನ ಅದು ಏನು ತಿನ್ನುತ್ತದೆ? ಇದು ತುಮಕೂರು ಜಿಲ್ಲೆಯವನ ಪ್ರಶ್ನೆ ಎಂದು ಬೇಕಾದರೆ ಅನ್ನಿ. ನಮ್ಮಲ್ಲಿ ಮೂರು ಬಗೆಯ ಓಟಗಳಿವೆ. ನಗರದ ಇಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ರಿಮೋಟ್ ಕಾರುಗಳು ಓಡುತ್ತವೆ. ಕುಣಿಗಲ್ಲಿನಲ್ಲಿ ಹುಟ್ಟಿದ ಕುದುರೆಗಳು ಬೆಂಗಳೂರು, ಮೈಸೂರುಗಳಲ್ಲಿ ಓಡುತ್ತವೆ. ಹಳ್ಳಿಗಳ ಕಡೆ ಜೋಡೆತ್ತಿನ ಗಾಡಿಗಳು ಓಡುತ್ತವೆ. ಕಷ್ಟಕಾಲ ಮೂರಕ್ಕೂ ಬರುತ್ತದೆ, ಆದರೆ ಒಂದೇ ರೀತಿಯಲ್ಲಿ ಬರುವುದಿಲ್ಲ.

ಸುಲಭದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ನನ್ನ ಅಕ್ಕನ ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ಜನ ಗೆಳೆಯರು ಸೇರಿ ಒಂದು ರಿಮೋಟ್ ಕಾರು ಕಟ್ಟಿದ್ದರು. ಮೋಟಾರು, ಲಿಪೋ ಬ್ಯಾಟರಿ, ವೇಗ ಹಿಡಿತದಲ್ಲಿಡುವ ಸರ್ಕ್ಯೂಟು, ಕೈಯಲ್ಲಿ ಹಿಡಿಯುವ ರಿಮೋಟು, ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತಿತ್ತು, ಆದರೆ ಯಾವುದೂ ಇಲ್ಲಿ ತಯಾರಾದದ್ದಲ್ಲ. 2013ರ ಬೇಸಿಗೆಯಲ್ಲಿ ಡಾಲರಿಗೆ 54 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ ಆಗಸ್ಟ್ ಕೊನೆಗೆ 68 ದಾಟಿತು. ಅಂಗಡಿಯವರು ಹಳೆಯ ಬೆಲೆಪಟ್ಟಿ ಹರಿದು ಹಾಕಿದರು. ನಾಲ್ಕು ಜನರ ತಂಡ ಆರು ಜನರದ್ದಾಯಿತು, ಒಂದು ಕಾರಿಗೆ ಆರು ಮಾಲೀಕರು. ಅಂತಿಮ ವರ್ಷ ಮುಗಿದಾಗ ಕಾರು ಗುಬ್ಬಿಯ ಹತ್ತಿರದ ನಮ್ಮ ಅಕ್ಕನ ಮನೆಯ ಅಟ್ಟ ಸೇರಿತು. 2020ರ ಲಾಕ್‌ಡೌನಿನಲ್ಲಿ ಬೇಸರ ಕಳೆಯಲೆಂದು ಅವನು ಅದನ್ನು ಇಳಿಸಿದ. ಬ್ಯಾಟರಿ ಹಪ್ಪಳದಂತೆ ಉಬ್ಬಿಕೊಂಡಿತ್ತು. ಹೊಸ ಬ್ಯಾಟರಿ ಹಾಕಿದ ಮೇಲೆ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಓಡಿತು. ಆರೇಳು ವರ್ಷ ಅಟ್ಟದ ಮೇಲಿದ್ದರೂ ಅದು ಕೇಳಿದ್ದು ಒಂದು ಬ್ಯಾಟರಿಯನ್ನಷ್ಟೇ.

ಹಾಗೆಂದು ಮುಗ್ಗಟ್ಟು ರಿಮೋಟ್ ಕಾರಿನವರನ್ನು ಸುಮ್ಮನೆ ಬಿಡುತ್ತದೆ ಎಂದಲ್ಲ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಹವ್ಯಾಸಿಗಳ ಸಂಖ್ಯೆ ತಗ್ಗಲು ಇಷ್ಟು ಸಾಕು. ಆದರೆ ಅಲ್ಲಿ ತಗ್ಗುವ ರೀತಿಯೇ ಬೇರೆ. ಜನ ರೇಸು ಬಿಡುವುದಿಲ್ಲ, ಅಗ್ಗದ ರೇಸಿಗೆ ಇಳಿಯುತ್ತಾರೆ. ಜಪಾನಿನ ಉದಾಹರಣೆ ಕುತೂಹಲದ್ದು. ತಮಿಯಾ ಕಂಪನಿಯ ಮಿನಿ ಫೋರ್‌ವೀಲ್ ಡ್ರೈವ್ ಎಂಬ ಅಂಗೈ ಅಗಲದ ಕಾರಿಗೆ ರಿಮೋಟೂ ಇಲ್ಲ, ಗೋಡೆ ಕಟ್ಟಿದ ಪಟ್ಟಿಯೊಳಗೆ ತಾನಾಗಿ ಓಡುತ್ತದೆ. ಅದರ ಮೊದಲ ಹುಚ್ಚು ಎದ್ದದ್ದು 1980ರ ದಶಕದ ಕೊನೆಯಲ್ಲಿ, ಜಪಾನ್ ದುಡ್ಡಿನಲ್ಲಿ ತೇಲುತ್ತಿದ್ದಾಗ. ಎರಡನೆಯ ಹುಚ್ಚು ಎದ್ದದ್ದು 1990ರ ದಶಕದ ನಡುವೆ, ಅಲ್ಲಿನ ಷೇರು ಮತ್ತು ಭೂಮಿಯ ಬೆಲೆಗಳು ಕುಸಿದು ವರ್ಷಗಳೇ ಆಗಿದ್ದಾಗ. ಕೆಲವು ನೂರು ಯೆನ್ ಕೊಟ್ಟರೆ ಮಗುವಿಗೆ ಒಂದು ರೇಸ್ ಕಾರು ಸಿಗುತ್ತಿತ್ತು. ಕಷ್ಟಕಾಲದಲ್ಲಿ ರೇಸಿಗೆ ಜನ ಹೆಚ್ಚಿದ ಪ್ರಸಂಗವೂ ಇದೆ ಎಂಬುದಕ್ಕೆ ಇದನ್ನು ಹೇಳಿದೆ.

ಈಗ ಕುಣಿಗಲ್ಲಿಗೆ ಬರೋಣ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು, ಮಂಗಳೂರು ಹೆದ್ದಾರಿಯ ಮೇಲೆ. ಅಲ್ಲಿಯ ಕುದುರೆ ಫಾರಂ ನಾನೂರಕ್ಕೂ ಹೆಚ್ಚು ಎಕರೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳನ್ನು ಇಲ್ಲಿ ಸಾಕುತ್ತಿದ್ದರೆಂದು ಊರಿನವರೂ ಹೇಳುತ್ತಾರೆ, ಸರ್ಕಾರಿ ಕಡತಗಳೂ ಹೇಳುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಸಿಲೇದಾರರಿಗೆ ಬೇಕಾದ ಕುದುರೆಗಳು ಇಲ್ಲಿ ಹುಟ್ಟುತ್ತಿದ್ದವು.

ಸಿಲೇದಾರ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಸಿಲೇದಾರನೆಂದರೆ ತನ್ನ ಕುದುರೆಯನ್ನೂ ತನ್ನ ಆಯುಧವನ್ನೂ ತಾನೇ ತಂದು ಚಾಕರಿಗೆ ಸೇರುವ ಸವಾರ. ಸಂಬಳ ಅರಮನೆಯದು, ಕುದುರೆ ಅವನದು. ಮೇವು, ಲಾಳ, ಜೀನು ಎಲ್ಲ ಅವನ ತಲೆಯ ಮೇಲೆ. ಕುದುರೆ ಇಲ್ಲದವನು ಬಾರ್ಗೀರ. ಅವನು ಬೇರೆಯವರ ಕುದುರೆ ಏರುತ್ತಿದ್ದ. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಸವಾರರನ್ನು ಇಟ್ಟುಕೊಳ್ಳಬೇಕಿತ್ತು. ಅಷ್ಟು ಕುದುರೆಗಳ ಹೊಟ್ಟೆ ತುಂಬಿಸುತ್ತಿದ್ದದ್ದು ಹುರುಳಿ. ನಮ್ಮ ಒಣಭೂಮಿಯಲ್ಲಿ ಮಳೆ ಕೈಕೊಟ್ಟರೂ ಅಷ್ಟಿಷ್ಟು ಬರುವ ಬೆಳೆ ಅದು. ಬೇಯಿಸಿದರೆ ಕುದುರೆಗೆ ದಾಣಿ, ಕಟ್ಟು ಬಸಿದರೆ ಮನುಷ್ಯನಿಗೆ ಸಾರು. ಒಂದೇ ಕಾಳಿಗೆ ಎರಡು ಬಾಯಿ.

1876ರಿಂದ 78ರ ತನಕ ಧಾತು-ಈಶ್ವರ ಸಂವತ್ಸರಗಳ ಬರ ಬಂತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಐವತ್ತು ಲಕ್ಷಕ್ಕೆ ಮೇಲಿದ್ದರು, 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆ. ಆ ಅಂಕಿಗಳ ಮುಂದೆ ಕುದುರೆಯ ಮಾತೆತ್ತುವುದು ಅನುಚಿತವೆನಿಸಬಹುದು. ಆದರೂ ಸವಾರನೊಬ್ಬನ ಲೆಕ್ಕ ಊಹಿಸಿ ನೋಡಿ. ಸಂಬಳ ಅಷ್ಟೇ ಇದೆ, ಕಾಳಿನ ಬೆಲೆ ಹಲವು ಪಟ್ಟಾಗಿದೆ, ಮನೆಯಲ್ಲಿ ಮಕ್ಕಳಿದ್ದಾರೆ, ಕೊಟ್ಟಿಗೆಯಲ್ಲಿ ಕುದುರೆ ಇದೆ. ಹುರುಳಿಯನ್ನು ಯಾರಿಗೆ ಹಾಕುವುದು? ಕುದುರೆ ಸತ್ತರೆ ಚಾಕರಿ ಹೋಯಿತು, ಚಾಕರಿ ಹೋದರೆ ಹುರುಳಿಯೂ ಹೋಯಿತು. ಸಂಸ್ಥಾನವೂ ಅದೇ ಇಕ್ಕಟ್ಟಿನಲ್ಲಿತ್ತು. ಕೂಡಿಟ್ಟ ಹಣ ಕರಗಿ ಸುಮಾರು 80 ಲಕ್ಷ ರೂಪಾಯಿ ಸಾಲವಾಗಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಬ್ರಿಟಿಷರು ಕುದುರೆ ದಂಡಿನ ಹೊಣೆಯ ಬದಲಿಗೆ ಕಪ್ಪವನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಲು ನಿರ್ಧರಿಸಿದರು; ಬರದ ಪೆಟ್ಟು ನೋಡಿ ಆ ಏರಿಕೆಯನ್ನು ಮೊದಲಿಗೆ ಐದು ವರ್ಷ ಮುಂದೂಡಬೇಕಾಯಿತು. ಸ್ವಂತ ಕುದುರೆಯ ಸವಾರ ಎಂಬ ಮನುಷ್ಯ ಆಮೇಲೆ ಮೆಲ್ಲಗೆ ಚರಿತ್ರೆಯಿಂದ ಸರಿದ. 1918ರಲ್ಲಿ ಹೈಫಾದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಬೇರೆಯೇ ವ್ಯವಸ್ಥೆಯ ದಂಡು.

ಯುದ್ಧದ ಕುದುರೆ ಜೂಜಿನ ಕುದುರೆಯಾದದ್ದು ಈ ಅವಧಿಯಲ್ಲೇ. ಮೈಸೂರು ರೇಸ್ ಕ್ಲಬ್ ಆರಂಭವಾದದ್ದು 1891ರಲ್ಲಿ. ಬೆಂಗಳೂರಿನ ಈಗಿನ ರೇಸ್ ಕೋರ್ಸು 1920ರ ಸುಮಾರಿನದು. ಸ್ವಾತಂತ್ರ್ಯದ ನಂತರ ಕುಣಿಗಲ್ ಫಾರಂ ರಾಜ್ಯ ಸರ್ಕಾರದ ಕೈಗೆ ಬಂತು. ಥರೋಬ್ರೆಡ್ ತಳಿಯ ರೇಸ್ ಕುದುರೆಗಳು ಅಲ್ಲಿ ಹುಟ್ಟುತ್ತಿದ್ದವು. 1992ರಲ್ಲಿ, ಉದಾರೀಕರಣದ ಮರುವರ್ಷ, ಸರ್ಕಾರ ಅದನ್ನು 30 ವರ್ಷಕ್ಕೆ ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿತು.

ಇಲ್ಲಿ ಕುದುರೆಯ ಕಾಲಗಣನೆ ತಿಳಿದಿರಬೇಕು. ಹೆಣ್ಣು ಕುದುರೆ ಗರ್ಭ ಹೊರುವುದು ಹನ್ನೊಂದು ತಿಂಗಳು. ಮರಿ ಯಾವ ತಿಂಗಳಲ್ಲೇ ಹುಟ್ಟಲಿ, ರೇಸಿನ ಲೆಕ್ಕದಲ್ಲಿ ಅದರ ವಯಸ್ಸು ಏರುವುದು ಜನವರಿ 1ರಂದು. ಮುಂಬೈಯಲ್ಲಿ ಫೆಬ್ರವರಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳದ್ದು. ಹಾಗಾದರೆ 2007ರ ಆರಂಭದಲ್ಲಿ, ಷೇರುಪೇಟೆ ಕುಣಿಯುತ್ತಿದ್ದಾಗ, ಯಾರೋ ಒಬ್ಬರು ಹುಮ್ಮಸ್ಸಿನಲ್ಲಿ ಕುದುರೆ ಕಟ್ಟಿಸಿದರು ಎನ್ನಿ. ಮರಿ ಬಿದ್ದದ್ದು 2008ರಲ್ಲಿ, ಡರ್ಬಿಗೆ ನಿಂತದ್ದು 2012ರಲ್ಲಿ. ನಡುವೆ ಲೀಮನ್ ಬ್ರದರ್ಸ್ ಮುಳುಗಿತ್ತು. ಸಮೃದ್ಧಿಯ ಕಾಲದ ಆಸೆ ಹುಟ್ಟಿಸಿದ ಪ್ರಾಣಿ ಮುಗ್ಗಟ್ಟಿನ ಕಾಲದಲ್ಲಿ ಬಾಯಿ ತೆರೆದು ನಿಲ್ಲುತ್ತದೆ, ಆಗ ಅದನ್ನು ಕೊಳ್ಳುವವನಿರುವುದಿಲ್ಲ.

ಅಮೆರಿಕದಲ್ಲಿ 2005ರ ಸುಮಾರಿಗೆ ವರ್ಷಕ್ಕೆ 35,000ದಷ್ಟು ಥರೋಬ್ರೆಡ್ ಮರಿಗಳು ಹುಟ್ಟುತ್ತಿದ್ದವು. 2013ರ ಹೊತ್ತಿಗೆ ಅದು 22,000ದ ಆಸುಪಾಸಿಗೆ ಇಳಿದಿತ್ತು. ಐರ್ಲೆಂಡಿನಲ್ಲಿ ಹನ್ನೆರಡು ಸಾವಿರಕ್ಕೆ ಮೇಲಿದ್ದದ್ದು ಎರಡು ಮೂರು ವರ್ಷದಲ್ಲೇ ಏಳೂವರೆ ಸಾವಿರದ ಹತ್ತಿರಕ್ಕೆ ಬಂತು. ಅಲ್ಲಿ ಡಬ್ಲಿನ್ ಸುತ್ತಮುತ್ತ ಮಾಲೀಕರು ಬಿಟ್ಟುಹೋದ ಕುದುರೆಗಳು ಬೀಡಾಡಿ ದನಗಳಂತೆ ಅಲೆಯುತ್ತಿದ್ದವು. ಸಾಲ ಮಾಡಿ ಮನೆ ಕೊಂಡವರೇ ಒಂದು ಕುದುರೆಯನ್ನೂ ಕೊಂಡಿದ್ದರು. ಮನೆ ಬ್ಯಾಂಕಿಗೆ ಹೋಯಿತು, ಕುದುರೆ ಬೀದಿಗೆ ಬಂತು.

ಕುಣಿಗಲ್ಲಿಗೆ ಆ ಹೊಡೆತ ಸುತ್ತು ಬಳಸಿ ಬಂತು. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು. ವಿಮಾನವನ್ನು ನಿಲ್ದಾಣದ ಮೂಲೆಯಲ್ಲಿ ನಿಲ್ಲಿಸಿ ಹೋಗಬಹುದು, ತುಕ್ಕು ಹಿಡಿಯುತ್ತದೆ, ಅಷ್ಟೇ. ಫಾರಮ್ಮಿನ ಹೆಣ್ಣು ಕುದುರೆಗೆ ಮಾಲೀಕ ಎಲ್ಲಿದ್ದಾನೆಂದು ಗೊತ್ತಿಲ್ಲ; ಬೆಳಗಾದರೆ ಅದಕ್ಕೆ ಹುಲ್ಲು ಬೇಕು.

ರೇಸ್ ಕೋರ್ಸಿನ ಕಡೆಯೂ ಸರಣಿ ಪೆಟ್ಟುಗಳು. ನೋಟು ರದ್ದತಿ 2016ರ ನವೆಂಬರಿನಲ್ಲಿ. ಎಂಟು ತಿಂಗಳಿಗೆ ಜಿಎಸ್‌ಟಿ ಬಂತು, ಬಾಜಿಯ ಮೇಲೆ ಶೇ. 28. ಕುದುರೆ ರೇಸು ಬರೀ ಅದೃಷ್ಟದ್ದಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತ್ತು, ಆದರೆ ತೆರಿಗೆಯ ಪಟ್ಟಿಯಲ್ಲಿ ಅದು ಲಾಟರಿಯ ಪಕ್ಕದಲ್ಲೇ ಕೂತಿತು. ಸಣ್ಣ ಮೊತ್ತ ಕಟ್ಟುವವರನ್ನು ಕಿಟಕಿಯಿಂದ ದೂರ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತೋಚುವುದಿಲ್ಲ. ಸಣ್ಣವರು ಕಟ್ಟಿದ ಹಣದಲ್ಲೇ ಬಹುಮಾನದ ನಿಧಿಗೂ ಪಾಲು ಹೋಗುವುದು. ಬಹುಮಾನ ಸೊರಗಿದರೆ ಒಂದೆರಡು ಕುದುರೆ ಇಟ್ಟುಕೊಂಡ ಮಧ್ಯಮ ಮಾಲೀಕ ಜಾಗ ಖಾಲಿ ಮಾಡುತ್ತಾನೆ. 2020ರ ಮಾರ್ಚಿನಲ್ಲಿ ರೇಸೇ ನಿಂತಿತು. ತಿಂಗಳುಗಟ್ಟಲೆ ಓಟವಿಲ್ಲ, ಬಾಜಿಯಿಲ್ಲ. ಲಾಯದಲ್ಲಿ ಕುದುರೆಗಳಿದ್ದವು, ಅವುಗಳ ಬೆನ್ನುಜ್ಜುವ ಸೈಸ್‌ಗಳೂ ಇದ್ದರು. ಇಂಥ ಕಾಲದಲ್ಲಿ ಕುದುರೆಗೂ ನನ್ನ ಅಳಿಯನ ಕಾರಿನ ಗತಿಯೇ ಬರುತ್ತದೆ; ಹತ್ತು ಜನ ಸೇರಿ ಒಂದನ್ನು ಇಟ್ಟುಕೊಳ್ಳುವುದು. ಒಬ್ಬನಿಗೆ ಒಂದು ಕಾಲು ಕೂಡ ಪೂರ್ತಿ ಬರುವುದಿಲ್ಲ.

ಎತ್ತಿನ ಓಟದ ಲೆಕ್ಕ ಇನ್ನೂ ಬಿಗಿ. ಅಲ್ಲಿ ಸಿಂಡಿಕೇಟೂ ಇಲ್ಲ, ಕ್ಲಬ್ಬೂ ಇಲ್ಲ. ತುಮಕೂರು ಹಳ್ಳಿಕಾರ್ ತಳಿಯ ನಾಡು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಓಡಿಸುವ ಜೋಡಿಯನ್ನು ಸಾಕುವವನು ಅದನ್ನು ಉಳುಮೆಗೆ ಹೂಡುವುದು ಕಡಿಮೆ. ಹಿಂಡಿ, ಬೂಸಾ, ಹುರುಳಿ, ಕೆಲವರು ಮೊಟ್ಟೆಯನ್ನೂ ಕುಡಿಸುತ್ತಾರೆ. ಆ ಖರ್ಚು ಹೊರಡುವುದು ತೆಂಗಿನಿಂದ. ಗುಬ್ಬಿ ಎಂದೊಡನೆ ಎಲ್ಲರಿಗೂ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಊರಿನ ಜೇಬು ತುಂಬಿಸುವುದು ಮಾತ್ರ ತೆಂಗು, ಅಡಿಕೆ. ಕೊಬ್ಬರಿ ಬೆಲೆ ಏರಿದ ವರ್ಷ ಹೊಸ ಜೋಡಿ, ಬಿದ್ದ ವರ್ಷ ಹಳೆಯ ಸಾಲ.

2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಓಟವನ್ನೂ ನಿಲ್ಲಿಸಿತ್ತು. ಕರ್ನಾಟಕ 2017ರಲ್ಲಿ ಕಂಬಳಕ್ಕೂ ಗಾಡಿ ಓಟಕ್ಕೂ ಕಾನೂನು ತಿದ್ದಿತು. ಆ ತಿದ್ದುಪಡಿ ಸರಿ ಎಂದು ನ್ಯಾಯಾಲಯ ಅಂತಿಮವಾಗಿ ಹೇಳಿದ್ದು 2023ರ ಮೇ ತಿಂಗಳಲ್ಲಿ. ಇನ್ನೇನು, ಅಡ್ಡಿ ಕಳೆಯಿತು ಎನ್ನುವಷ್ಟರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಅದೇ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಹರಾಜು ಕೂಗುತ್ತಿದ್ದರು. ಓಡಿಸಲು ಅನುಮತಿ ಇತ್ತು, ಓಡಿಸುವ ಜೋಡಿಗೆ ಮೇವಿರಲಿಲ್ಲ. ಒಂಬತ್ತು ವರ್ಷ ನ್ಯಾಯಾಲಯದ ಎಳೆದಾಟ ತಾಳಿಕೊಂಡ ಆಟವನ್ನು ಒಂದೇ ಮುಂಗಾರು ಕಾಡಿತು.

ಕುಣಿಗಲ್ಲಿನ ಗುತ್ತಿಗೆಯ 30 ವರ್ಷ 2022ಕ್ಕೆ ತುಂಬಿತು. ಆಮೇಲೆ ಆ ಜಮೀನಿನ ಬಗ್ಗೆ ಹಲವು ಮಾತುಗಳೆದ್ದಿವೆ, ಬಡಾವಣೆ ಎಂದು ಒಮ್ಮೆ, ಬೆಂಗಳೂರಿನ ರೇಸ್ ಕೋರ್ಸೇ ಇಲ್ಲಿಗೆ ಬರಲಿ ಎಂದು ಇನ್ನೊಮ್ಮೆ. ಊರಿಗೆ ಇಷ್ಟು ಹತ್ತಿರದ ನಾನೂರು ಎಕರೆ ಹುಲ್ಲುಗಾವಲು ಲೆಕ್ಕ ಹಾಕುವವರ ಕಣ್ಣಿಗೆ ಎಂದೂ ಬರಿಯ ಹುಲ್ಲುಗಾವಲಾಗಿ ಕಾಣುವುದಿಲ್ಲ. ಆದರೆ ಹುಲ್ಲುಗಾವಲು ಹೋದ ಮೇಲೆ ತಳಿ ಉಳಿಸುವುದು ಹೇಗೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

2024ರ ಶಿವರಾತ್ರಿಗೆ ಸಿದ್ಧಗಂಗೆಗೆ ಹೋಗಿದ್ದೆ. ಗುಬ್ಬಿ ಕಡೆಯ ರೈತರೊಬ್ಬರು ಒಂದು ಜೊತೆ ಹೋರಿ ಕಟ್ಟಿದ್ದರು, ಕೊಂಬಿಗೆ ಕಳಸ, ಮೈಯೆಲ್ಲ ಎಣ್ಣೆ ಹಚ್ಚಿದ ಹೊಳಪು. ಓಡಿಸಿದವೋ ಎಂದು ಕೇಳಿದೆ. "ಎರಡು ಸಲ ಬಹುಮಾನ ತಂದವೆ ಸಾರ್. ಹುಲ್ಲು ಇದ್ದಿದ್ರೆ ಇಲ್ಲಿಗೆ ಯಾಕ್ ಹಿಡ್ಕೊಂಡ್ ಬರ್ತಿದ್ದೆ" ಎಂದರು. ನಾನಿದ್ದ ಅರ್ಧ ಗಂಟೆಯಲ್ಲಿ ಮೂರು ಜನ ಬಂದು, ಟವಲಿನ ಮರೆಯಲ್ಲಿ ಅವರ ಬೆರಳು ಹಿಡಿದು ಬೆಲೆ ಹೇಳಿ ಹೋದರು. ವ್ಯಾಪಾರ ಕುದುರಲಿಲ್ಲ.