ದಾಡಿ ಬಿಡೋದಾ, ದಾಡಿ ಮಾಡೋದಾ?

 

ಇವತ್ತು ಒಂದು ಪದದಿಂದ ಶುರು ಮಾಡೋಣ: ದಾಡಿ. ಉರ್ದುವಿನಲ್ಲಿ ಅದರ ಅರ್ಥ ಗಡ್ಡ. ನಮ್ಮ ರಾಯಚೂರು ಕಡೆ ‘ದಾಡಿ ಬಿಟ್ಟಾನ’ ಅಂದ್ರೆ ಗಡ್ಡ ಬೆಳೆಸಿದ್ದಾನೆ ಅಂತ. ‘ದಾಡಿ ಮಾಡಿಸ್ಕೊಂಡು ಬಾ’ ಅಂದ್ರೆ ಅದೇ ಗಡ್ಡ ತೆಗೆಸಿಕೊಂಡು ಬಾ ಅಂತ. ಒಂದೇ ಪದ, ಎರಡು ಉಲ್ಟಾ ಕೆಲಸ. ಗಡ್ಡದ ಬಗ್ಗೆ ನಮ್ಮ ಮಂದಿಯ ಅಭಿಪ್ರಾಯಾನೂ ಹಂಗೇ ಇದೆ.

ನನಗೂ ಗಡ್ಡ ಇದೆ. ಅಪ್ಪ ‘ಯಾರು ಸತ್ತಾರಂತ ದಾಡಿ ಬಿಟ್ಟೀಯಪಾ?’ ಅಂತಾರೆ. 2018ರ ಡಿಸೆಂಬರ್‌ನಲ್ಲಿ ಕೆಜಿಎಫ್ ಬಂದ ಮೇಲೆ ದೋಸ್ತರು ‘ರಾಕಿ ಭಾಯ್’ ಅಂದ್ರು. ಬಿ.ಕಾಂ ಮುಗಿಸಿ ಒಂದು ಖಾಸಗಿ ಕಂಪನಿಗೆ ಇಂಟರ್‌ವ್ಯೂಗೆ ಹೋದಾಗ ‘ಕ್ಲೀನ್ ಶೇವ್ ಮಾಡ್ಕೊಂಡು ಬನ್ನಿ, ಆಮೇಲೆ ಮಾತಾಡೋಣ’ ಅಂದ್ರು. ಬಾಡಿಗೆ ಮನೆ ಕೇಳೋಕೆ ಹೋದಾಗ ಮಾಲೀಕರು ಮುಖ ನೋಡಿ ಮೊದಲು ಕೇಳಿದ್ದು ನನ್ನ ಕೆಲಸ ಅಲ್ಲ, ಸಂಬಳ ಅಲ್ಲ, ಹೆಸರು. ಹೆಸರು ಹೇಳಿದ ಕೂಡಲೇ ಅವರ ಮುಖ ಸಡಿಲಾಯಿತು. ಅದೇ ಗಡ್ಡ, ಹೆಸರು ಬೇರೆ ಆಗಿದ್ದಿದ್ರೆ ನನಗೆ ಮನೆ ಸಿಗ್ತಿತ್ತಾ?

ಆ ಪ್ರಶ್ನೆ ಹಿಂದೆ ಇರೋ ಮಾತು ಒಂದೇ: ‘ಗಡ್ಡ ಅವರದು, ನಮ್ಮದಲ್ಲ.’ ಇದು ನಿಜಾನಾ? ನಾನು ಕಾಮರ್ಸ್ ಹುಡುಗ. ಎರಡು ಕಾಲಂ ಎಳೆದು ಲೆಕ್ಕ ಬರೆದು ನೋಡೋಣ.

1520ರಲ್ಲಿ ನಮ್ಮ ರಾಯಚೂರು ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು, ರಾಯ ಗೆದ್ದ. ತಿರುಮಲದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ರಾಯನ ಲೋಹದ ಪ್ರತಿಮೆ ನೋಡಿ, ಗಡ್ಡ ಇಲ್ಲ. ಹಂಗಾದ್ರೆ ಹಿಂದೂ ರಾಜರ ಕಾಲಂಗೆ ‘ಇಲ್ಲ’, ಮುಸ್ಲಿಂ ದೊರೆಗಳ ಕಾಲಂಗೆ ‘ಇದೆ’ ಅಂತ ಬರೆದುಬಿಡೋಣವಾ? ಲೆಕ್ಕ ಟ್ಯಾಲಿ ಆಗಲ್ಲ. ಅಕ್ಬರ್ ಮತ್ತು ಜಹಾಂಗೀರರ ಚಿತ್ರಗಳಲ್ಲಿ ಮೀಸೆ ಇದೆ, ಗಡ್ಡ ಇಲ್ಲ. ಅಕ್ಬರನ ಆಸ್ಥಾನದಲ್ಲೇ ಇದ್ದ ಇತಿಹಾಸಕಾರ ಬದಾಯೂನಿ ಈ ಗಡ್ಡ ಬೋಳಿಸೋ ಫ್ಯಾಷನ್ ಬಗ್ಗೆ ಸಿಟ್ಟಿನಿಂದ ಬರೆದಿಟ್ಟಿದ್ದಾನೆ. ಇನ್ನೊಂದು ಕಡೆ ಶಿವಾಜಿ ಮಹಾರಾಜರಿಗೆ ಗಡ್ಡ. ಅವರ ಎದುರಾಳಿ ಔರಂಗಜೇಬನಿಗೂ ಗಡ್ಡ. ಇಬ್ಬರೂ ಒಂದೇ ಕಾಲಂನಲ್ಲಿ ಬಂದು ಕೂರುತ್ತಾರೆ.

ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಜಾಕಾರರ ನಾಯಕ ಖಾಸಿಂ ರಜ್ವಿಗೆ ಗಡ್ಡ ಇತ್ತು. ‘ಗಡ್ಡ’ ಅಂದ ತಕ್ಷಣ ಕೆಲವು ಹಿರಿಯರಿಗೆ ಇವತ್ತೂ ಆ ಹಾವಳಿಯೇ ನೆನಪಾಗೋದನ್ನ ನಾನು ತಪ್ಪು ಅನ್ನಲ್ಲ. ಆದರೆ ಗದ್ದುಗೆ ಮೇಲೆ ಕೂತಿದ್ದ 7ನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫೋಟೋ ತೆಗೆದು ನೋಡಿ, ಬರೀ ಮೀಸೆ. ಯಾರ ಕೈಯಲ್ಲಿ ಅಧಿಕಾರ ಇತ್ತು ಅನ್ನೋದನ್ನ ಗಲ್ಲ ನೋಡಿ ಹೇಳೋಕೆ ಆಗಲ್ಲ.

ಇನ್ನು ಮಾನ್ವಿಗೆ ಹೋಗೋಣ. ಅದು ಜಗನ್ನಾಥದಾಸರು ಬದುಕಿದ ಊರು. ಅದೇ ತಾಲೂಕಿನ ಚೀಕಲಪರ್ವಿ ವಿಜಯದಾಸರದು, ದೇವದುರ್ಗ ತಾಲೂಕಿನ ಮೊಸರಕಲ್ಲು ಗೋಪಾಲದಾಸರದು. ಈ ದಾಸರೆಲ್ಲ ನಡೆದ ಮಾಧ್ವ ಪರಂಪರೆಯ ಯತಿಗಳು ಸಾಮಾನ್ಯವಾಗಿ ತಲೆ, ಗಡ್ಡ ಎರಡನ್ನೂ ತೆಗೆಸಿರುತ್ತಾರೆ. ಚಾತುರ್ಮಾಸ್ಯ ಹಿಡಿದರೆ ವ್ರತ ಮುಗಿಯೋವರೆಗೂ ಕ್ಷೌರ ಇಲ್ಲ. ಅದೇ ಸ್ವಾಮಿಗಳು, ಅದೇ ಮಠ, ಮುಖದ ಮೇಲೆ ಗಡ್ಡ. ನಮ್ಮ ಮನೆಗಳಲ್ಲೂ ಅಷ್ಟೇ. ಶ್ರಾವಣದಲ್ಲಿ ದಾಡಿ ಮುಟ್ಟದವರು ಎಷ್ಟು ಮಂದಿ? ಹೆಂಡತಿ ಬಸುರಿ ಅಂತ ಬಿಟ್ಟವರು? ಅಯ್ಯಪ್ಪ ಮಾಲೆ ಹಾಕಿ 41 ದಿನ ಬಿಟ್ಟವರು? ಸೂತಕದಲ್ಲಿ ಬಿಟ್ಟು ಹತ್ತನೇ ದಿನ ತೆಗೆಸಿದವರು?

ಮುಸ್ಲಿಮರಲ್ಲೂ ಎಲ್ಲರದೂ ಒಂದೇ ಮಾತಲ್ಲ. ಹನಫಿ ಪಂಥದ ವಿದ್ವಾಂಸರು ಒಂದು ಮುಷ್ಟಿಯಷ್ಟು ಗಡ್ಡ ಇರಲೇಬೇಕು ಅಂತಾರೆ. ಶಾಫಿ ಪಂಥದ ಅನೇಕರು ಬಿಟ್ಟರೆ ಒಳ್ಳೇದು, ತೆಗೆಯೋದು ಮೆಚ್ಚುವಂಥದ್ದಲ್ಲ, ಆದರೆ ನಿಷಿದ್ಧವೂ ಅಲ್ಲ ಅಂತಾರೆ.

ನನಗೆ ಭಾಳ ಇಷ್ಟವಾದ ಕಥೆ ಬೀದರಿನದು. 1699ರಲ್ಲಿ ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದ್ ಸಿಂಗರು ಖಾಲ್ಸಾ ಕಟ್ಟಿದಾಗ ಮೊದಲು ಎದ್ದು ನಿಂತ ಐವರನ್ನು ‘ಪಂಚ ಪ್ಯಾರೇ’ ಅಂತಾರೆ. ಅವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಮನೆತನದವರು ಅಂತ ಸಿಖ್ ಪರಂಪರೆ ಹೇಳುತ್ತದೆ. ಕತ್ತರಿ ಹಿಡಿಯೋ ಮನೆಯ ಮಗ, ಇನ್ನು ಕೂದಲು ಕತ್ತರಿಸಲ್ಲ ಅಂತ ದೀಕ್ಷೆ ತಗೊಂಡ. ಯಾರೂ ಒತ್ತಾಯ ಮಾಡಿರಲಿಲ್ಲ, ಅವರೇ ಎದ್ದು ನಿಂತಿದ್ದು.

ಇಲ್ಲಿಂದ ನನ್ನ ವಾದ ಶುರು. ಇತಿಹಾಸದಲ್ಲಿ ಜಗಳ ಹತ್ತಿದ್ದು ಗಡ್ಡ ಇದೆಯೋ ಇಲ್ಲವೋ ಅನ್ನೋದಕ್ಕಲ್ಲ. ಅದನ್ನ ಅಳೆಯೋ ಹಕ್ಕು ಯಾರದು ಅನ್ನೋದಕ್ಕೆ.

ದೇವದುರ್ಗದಿಂದ ಕೃಷ್ಣಾ ನದಿ ದಾಟಿದರೆ ಸುರಪುರ ಸೀಮೆ. ಅಲ್ಲಿನ ವಾಗಣಗೇರಿ ಕೋಟೆಗೆ 1705ರಲ್ಲಿ ಮುತ್ತಿಗೆ ಹಾಕಿ ಕೂತವನು ಸ್ವತಃ ಔರಂಗಜೇಬ್. ವಯಸ್ಸು 86. ಬೇಡ ನಾಯಕ ಪಿಡ್ಡನಾಯಕನ ಕೋಟೆ ಸಿಕ್ಕಿತು, ನಾಯಕ ಮಾತ್ರ ತಪ್ಪಿಸಿಕೊಂಡ. ಔರಂಗಜೇಬನ ಕೊನೆಯ ಮುತ್ತಿಗೆ ಇದೇ. ಇದೇ ಬಾದಶಾಹ ಪಟ್ಟಕ್ಕೆ ಬಂದ ಹೊಸದರಲ್ಲಿ, ಮುಸ್ಲಿಮರ ಗಡ್ಡ ನಾಲ್ಕು ಬೆರಳಿಗಿಂತ ಉದ್ದ ಇರಬಾರದು ಅಂತ ಆಜ್ಞೆ ಮಾಡಿ, ಬೀದಿಯಲ್ಲಿ ಅಳೆದು ಕತ್ತರಿಸೋಕೆ ಒಬ್ಬ ಅಧಿಕಾರಿಯನ್ನ ಇಟ್ಟಿದ್ದ ಅಂತ ವೆನಿಸ್‌ನ ಪ್ರವಾಸಿ ಮನುಚ್ಚಿ ಬರೆದಿದ್ದಾನೆ.

ವಾಗಣಗೇರಿ ಬಿದ್ದ ಅದೇ 1705ರಲ್ಲಿ, ರಷ್ಯಾದಲ್ಲಿ ದೊರೆ ಪೀಟರ್ ಗಡ್ಡಕ್ಕೆ ತೆರಿಗೆ ಹಾಕಿದ. ಶ್ರೀಮಂತ ವ್ಯಾಪಾರಿಗೆ ವರ್ಷಕ್ಕೆ 100 ರೂಬಲ್. ಕಟ್ಟಿದವರಿಗೆ ‘ಹಣ ಸಂದಾಯವಾಗಿದೆ’ ಅಂತ ಬರೆದ ಒಂದು ಬಿಲ್ಲೆ. ಒಬ್ಬ ದೊರೆಗೆ ಉದ್ದದ ಗಡ್ಡ ಬೇಡ, ಇನ್ನೊಬ್ಬನಿಗೆ ಗಡ್ಡವೇ ಬೇಡ.

ಮೂರನೆಯದು ಈಸ್ಟ್ ಇಂಡಿಯಾ ಕಂಪನಿ. 1805ರ ನವೆಂಬರ್‌ನಲ್ಲಿ ಮದ್ರಾಸ್ ಸೇನೆಗೆ ಹೊಸ ನಿಯಮ ಬಂತು: ಪರೇಡ್‌ಗೆ ಗಲ್ಲ ನುಣ್ಣಗೆ ಬೋಳಿಸಿರಬೇಕು, ಮೀಸೆ ಒಂದೇ ಅಳತೆ, ಹಣೆಯ ಮೇಲೆ ನಾಮ, ವಿಭೂತಿ ಇರಬಾರದು, ಕಿವಿಯಲ್ಲಿ ಓಲೆ ಇರಬಾರದು. ಜೊತೆಗೆ ತೊಗಲಿನ ಪಟ್ಟಿ ಇರೋ ಹೊಸ ಟೋಪಿ. ಗಡ್ಡದವನಿಗೂ ಪೆಟ್ಟು, ನಾಮದವನಿಗೂ ಪೆಟ್ಟು. 1806ರ ಜುಲೈ 10ರ ಬೆಳಗಿನ ಜಾವ ವೆಲ್ಲೂರು ಕೋಟೆಯಲ್ಲಿ ಹಿಂದೂ, ಮುಸ್ಲಿಂ ಸಿಪಾಯಿಗಳು ಕೂಡಿ ದಂಗೆ ಎದ್ದರು. ಟಿಪ್ಪುವಿನ ಮಕ್ಕಳನ್ನು ಅದೇ ಕೋಟೆಯಲ್ಲಿ ಇಟ್ಟಿದ್ದರು, ಅದೂ ಕಿಚ್ಚಿಗೆ ತುಪ್ಪ ಸುರಿಯಿತು. ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಬ್ರಿಟಿಷರು ಸತ್ತರು, ಅಡಗಿಸುವಾಗ ನೂರಾರು ಸಿಪಾಯಿಗಳು ಸತ್ತರು. ಹೈದರಾಬಾದ್‌ನಲ್ಲಿ, ಅಂದರೆ ಆಗ ನಮ್ಮ ರಾಯಚೂರನ್ನು ಆಳುತ್ತಿದ್ದ ರಾಜಧಾನಿಯಲ್ಲಿ, ಕಂಪನಿ ಪಡೆ ಕುದಿಯುತ್ತಿದ್ದಾಗ ಅಲ್ಲಿನ ಅಧಿಕಾರಿ ಆ ಆದೇಶವನ್ನೇ ಹಿಂದಕ್ಕೆ ತಗೊಂಡ. ಅಲ್ಲಿ ರಕ್ತ ಹರಿಯಲಿಲ್ಲ.

ಹಂಗಂತ ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. ಬೆಂಕಿ ಆರಿಸೋಕೆ ಹೋಗೋರ ಉಸಿರಾಟದ ಮಾಸ್ಕ್ ಗಡ್ಡದ ಮೇಲೆ ಬಿಗಿಯಾಗಿ ಕೂರಲ್ಲ, ಅದು ಪ್ರಾಣದ ಪ್ರಶ್ನೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರ ಗಡ್ಡದ ಪ್ರಕರಣದಲ್ಲಿ, ಪಡೆಯ ಶಿಸ್ತು ಮತ್ತು ಏಕರೂಪತೆಯ ಪರ ತೀರ್ಪು ಕೊಟ್ಟಿತು. ಅದೇ ವಾಯುಪಡೆಯಲ್ಲಿ ಸಿಖ್ಖರಿಗೆ ವಿನಾಯಿತಿ ಇದೆ, ನೌಕಾಪಡೆಯಲ್ಲಿ ಅನುಮತಿ ಪಡೆದು ಯಾರು ಬೇಕಾದರೂ ಗಡ್ಡ ಬಿಡಬಹುದು. ಅಂದ್ರೆ ಶಿಸ್ತಿಗೂ ಒಂದೇ ಅಳತೆ ಇಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಹೊಳೆನರಸೀಪುರದ ಸರ್ಕಾರಿ ನರ್ಸಿಂಗ್ ಕಾಲೇಜಿನ ಕಾಶ್ಮೀರಿ ವಿದ್ಯಾರ್ಥಿಗಳು, ಗಡ್ಡ ಕತ್ತರಿಸಿ ಅಂತ ಒತ್ತಾಯ ಮಾಡ್ತಿದ್ದಾರೆ ಅಂತ ದೂರಿದಾಗ, ವಿಷಯ ಮುಖ್ಯಮಂತ್ರಿಗೆ ಪತ್ರ ಬರೆಯೋವರೆಗೂ ಹೋಯಿತು.

ನನ್ನ ಅಳತೆ ಇಷ್ಟೇ. ನಿಯಮ ಮಾಡೋರು ಕಾರಣ ಹೇಳಬೇಕು, ಆ ಕಾರಣ ಎಲ್ಲ ಗಲ್ಲಗಳಿಗೂ ಒಂದೇ ಇರಬೇಕು. ಶ್ರಾವಣದ ಗಡ್ಡ ಭಕ್ತಿ, ಸಿನಿಮಾ ಗಡ್ಡ ಸ್ಟೈಲು, ಪಕ್ಕದ ಓಣಿಯವನ ಗಡ್ಡ ಮಾತ್ರ ಡೌಟು ಅಂದ್ರೆ ಅದು ಶಿಸ್ತು ಅಲ್ಲ.

ನಿಮ್ಮ ಮನೆಯಲ್ಲಿ ಯಾರು, ಯಾವಾಗ, ಯಾಕೆ ಗಡ್ಡ ಬಿಟ್ಟಿದ್ರು ಅಂತ ಹಿರಿಯರನ್ನ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಇನ್ನೂ ಒಳ್ಳೇ ಕಥೆ ಬೇಕಂದ್ರೆ ಓಣಿಯ ಕಟಿಂಗ್ ಶಾಪ್‌ನಲ್ಲಿ ಕೂತು ಕೇಳಿ, ಎಲ್ಲ ಜಾತಿ, ಧರ್ಮದ ಗಲ್ಲ ಹಿಡಿದವರು ಅವರೇ. ಮಂಗಳವಾರ ಮಾತ್ರ ಹೋಗಬ್ಯಾಡ್ರಿ, ಅಂಗಡಿ ಬಂದ್ ಇರುತ್ತೆ.