ಪತ್ರಿಕೋದ್ಯಮದಿಂದ ಡಿಜಿಟಲ್ ಮಾಧ್ಯಮಕ್ಕೆ: ಮೈಸೂರು ಸೀಮೆಯಲ್ಲಿ ಒಂದು ಪದವಿಯ ಹಾದಿ

ಡಿಜಿಟಲ್ ಮಾಧ್ಯಮ ಪದವಿ ಕರ್ನಾಟಕದ ಕಾಲೇಜುಗಳಿಗೆ ಎರಡು ದಾರಿಗಳಿಂದ ಬಂದಿತು. ಸುದ್ದಿ ಬರೆಯುವುದನ್ನು ಕಲಿಸುತ್ತಿದ್ದ ಬಿ.ಎ. ತರಗತಿ ಒಂದು ದಾರಿ. ಕ್ಯಾಮೆರಾ ಮತ್ತು ಧ್ವನಿಮುದ್ರಣ ಕಲಿಸುತ್ತಿದ್ದ ಪಾಲಿಟೆಕ್ನಿಕ್ ಇನ್ನೊಂದು. ದಶಕಗಳ ಕಾಲ ಬೇರೆಬೇರೆಯಾಗಿದ್ದ ಇವೆರಡೂ ಕಂಪ್ಯೂಟರ್ ಬಂದ ಮೇಲೆ ಒಂದೇ ಪಠ್ಯಕ್ರಮದೊಳಗೆ ಕೂಡಿಕೊಂಡವು. ಆದರೆ ಕಲಿಸಲು ಬರುತ್ತದೆ ಎಂದ ಮಾತ್ರಕ್ಕೆ ಕಾಲೇಜು ಪದವಿ ಆರಂಭಿಸುವಂತಿಲ್ಲ. ಯಾವ ವಿಷಯ, ಯಾವ ಹೆಸರಿನಲ್ಲಿ, ಎಷ್ಟು ಗಂಟೆ, ಯಾರ ಮೊಹರಿನಡಿ ಎಂಬುದನ್ನು ನಿರ್ಧರಿಸುವ ಅಧಿಕಾರ ಕಾಲಕಾಲಕ್ಕೆ ಬೇರೆಬೇರೆ ಕೈಗಳಲ್ಲಿತ್ತು. ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಂಥ ಊರಿನ ವಿದ್ಯಾರ್ಥಿಗೆ ಹತ್ತಿರದ ಕಾಲೇಜಿನಲ್ಲಿ ಯಾವ ಪದವಿ ಸಿಗುತ್ತದೆ, ಯಾವುದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತ ಬಂದಿದೆ.

ಮೈಸೂರು ಸಂಸ್ಥಾನದ ಕಾಲೇಜುಗಳು 1916ರವರೆಗೆ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಠ್ಯ, ಪರೀಕ್ಷೆ, ಪದವಿ ಮೂರೂ ಅಲ್ಲಿಂದಲೇ ಬರಬೇಕಿತ್ತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಣ್ಣುಗಳಾದವು. ಸಂಸ್ಥಾನಕ್ಕೆ ಬೇಕಾದ ವಿಷಯವನ್ನು ಸಂಸ್ಥಾನದಲ್ಲೇ ಗೊತ್ತುಮಾಡುವ ಅವಕಾಶ ಆಗ ದೊರೆಯಿತು. ಆ ಹೊತ್ತಿಗೆ ಕನ್ನಡ ನಾಡಿನಲ್ಲಿ ಪತ್ರಿಕೆಗಳಿಗೆ ಕೊರತೆ ಇರಲಿಲ್ಲ. ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದರು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು 'ವೃತ್ತಾಂತ ಚಿಂತಾಮಣಿ', 'ಸಾಧ್ವಿ'ಯಂಥ ಪತ್ರಿಕೆಗಳನ್ನು ನಡೆಸಿದ್ದರು, ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ 1913ರಲ್ಲಿ 'ಕರ್ನಾಟಕ' ಆರಂಭಿಸಿದ್ದರು. ಪತ್ರಕರ್ತನಾಗಬೇಕಾದವನು ಇಂಥ ಕಚೇರಿಯಲ್ಲಿ ಕರಡು ತಿದ್ದುತ್ತ, ಮೊಳೆ ಜೋಡಿಸುವವರ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಿದ್ದ. ಅದನ್ನು ತರಗತಿಯಲ್ಲಿ ಕಲಿಸಬಹುದು ಎಂಬ ಯೋಚನೆ ಇನ್ನೂ ಬೇರೂರಿರಲಿಲ್ಲ.

ಆ ಯೋಚನೆಗೆ ಹೊರಗಡೆ ರೂಪ ಬಂದಿತ್ತು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆಯಿತು. ಭಾರತದಲ್ಲಿ ಆನಿ ಬೆಸೆಂಟ್ ಅವರಿಂದ ಅಡ್ಯಾರಿನಲ್ಲಿ 1920ರ ಸುಮಾರಿಗೆ, ಅಲಿಗಢ ವಿಶ್ವವಿದ್ಯಾಲಯದಿಂದ 1938ರಲ್ಲಿ ಇಂಥ ಪ್ರಯತ್ನಗಳು ನಡೆದವು. ಅವು ಹೆಚ್ಚು ಕಾಲ ಬಾಳಲಿಲ್ಲ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಪಿ.ಪಿ. ಸಿಂಗ್ ಅವರು ಆರಂಭಿಸಿದ ವಿಭಾಗ ದೇಶ ವಿಭಜನೆಯಾದ ಮೇಲೆ ದೆಹಲಿಗೆ ಬಂದಿತು. ಮದರಾಸು, ಕಲ್ಕತ್ತಗಳಲ್ಲೂ ವಿಭಾಗಗಳು ತೆರೆದವು. ಇವುಗಳಲ್ಲಿ ಹೆಚ್ಚಿನವು ಪದವಿ ಮುಗಿಸಿದವರಿಗೆ ಡಿಪ್ಲೊಮಾ ಕೊಡುತ್ತಿದ್ದವು.

ಮೈಸೂರು ಹಿಡಿದ ದಾರಿ ಬೇರೆ. 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಬಿ.ಎ. ಪದವಿಯ ಐಚ್ಛಿಕ ವಿಷಯವಾಯಿತು. ಮಿಸೌರಿಯಲ್ಲಿ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿ ಅದರ ಹೊಣೆ ಹೊತ್ತರು. ಇತಿಹಾಸ, ಅರ್ಥಶಾಸ್ತ್ರ, ಮನಃಶಾಸ್ತ್ರಗಳ ಪಕ್ಕದಲ್ಲಿ ವರದಿಗಾರಿಕೆಯೂ ಸಂಪಾದನೆಯೂ ಕೂತವು. ಹೊಸ ಪದವಿಯನ್ನೇ ಹುಟ್ಟುಹಾಕುವ ಬದಲು ಇರುವ ಪದವಿಯೊಳಗೆ ಹೊಸ ವಿಷಯ ಸೇರಿಸಿದ್ದರಿಂದ ಅನುಮತಿಯ ಕೆಲಸ ಹಗುರಾಯಿತು: ಪದವಿಯ ಹೆಸರು ಬಿ.ಎ. ಎಂದೇ ಉಳಿಯಿತು, ಪಠ್ಯಕ್ರಮವೊಂದನ್ನು ಒಪ್ಪಿದರೆ ಸಾಕಾಗಿತ್ತು. ಇದರ ಇನ್ನೊಂದು ಫಲ ನಿಧಾನವಾಗಿ ಕಂಡಿತು. ಐಚ್ಛಿಕ ವಿಷಯವಾದ್ದರಿಂದ ಪತ್ರಿಕೋದ್ಯಮ ಮುಂದಿನ ದಶಕಗಳಲ್ಲಿ ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳಿಗೂ ಹಬ್ಬಿತು. ಒಬ್ಬ ಅಧ್ಯಾಪಕ, ಒಂದು ಕಪಾಟು ಪುಸ್ತಕ, ದಿನಪತ್ರಿಕೆಗಳ ಕಟ್ಟು ಇದ್ದರೆ ತರಗತಿ ನಡೆಯುತ್ತಿತ್ತು. ನಾಡಿಗ ಕೃಷ್ಣಮೂರ್ತಿಯವರ 'ಇಂಡಿಯನ್ ಜರ್ನಲಿಸಂ' ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯವೇ 1966ರಲ್ಲಿ ಪ್ರಕಟಿಸಿತು. ಸ್ನಾತಕೋತ್ತರ ತರಗತಿ 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಶುರುವಾಯಿತು.

ಧ್ವನಿ ಮತ್ತು ಚಿತ್ರದ ವಿದ್ಯೆ ಬೇರೆ ಕಡೆ ಬೆಳೆಯಿತು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದ ಬಾನುಲಿ ಪ್ರಸಾರ ಆರಂಭಿಸಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದೇ. ಕಾಲೇಜಿನ ಮೇಷ್ಟರೊಬ್ಬರು ನಿಲಯ ಕಟ್ಟಿದರೂ ಬಾನುಲಿ ಅಲ್ಲಿ ಪದವಿಯ ವಿಷಯವಾಗಲಿಲ್ಲ. ಸಿನಿಮಾ ಛಾಯಾಗ್ರಹಣ, ಧ್ವನಿ ತಂತ್ರಗಳಿಗೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1940ರ ದಶಕದಲ್ಲೇ ಡಿಪ್ಲೊಮಾ ತೆರೆಯಿತು. ಮೈಸೂರಿನವರಾದ ವಿ.ಕೆ. ಮೂರ್ತಿ ಅಲ್ಲಿ ಕಲಿತು ಮುಂಬೈಗೆ ಹೋಗಿ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದರು. ಗೋವಿಂದ ನಿಹಲಾನಿಯವರೂ ಅಲ್ಲಿಯ ವಿದ್ಯಾರ್ಥಿಯೇ. ಆದರೆ ಪಾಲಿಟೆಕ್ನಿಕ್ ತಾಂತ್ರಿಕ ಶಿಕ್ಷಣ ಇಲಾಖೆಗೆ ಸೇರಿದ್ದು, ಬಿ.ಎ. ತರಗತಿ ವಿಶ್ವವಿದ್ಯಾಲಯದ್ದು. ಬರೆಯುವವನಿಗೆ ಪದವಿ, ಯಂತ್ರ ಹಿಡಿಯುವವನಿಗೆ ಡಿಪ್ಲೊಮಾ ಎಂಬ ಅಂತರ ಹೀಗೆ ಗಟ್ಟಿಯಾಯಿತು.

ಅಂತರ ಸಡಿಲವಾದದ್ದು ಟಿ.ವಿ. ಮತ್ತು ಡಿ.ಟಿ.ಪಿ. (ಕಂಪ್ಯೂಟರ್ ಪುಟವಿನ್ಯಾಸ) ಬಂದದ್ದರಿಂದ. 1975–76ರ ಉಪಗ್ರಹ ಟಿ.ವಿ. ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ದೂರದರ್ಶನದಲ್ಲಿ ಪಾಠಗಳ ಪ್ರಸಾರ ಆರಂಭಿಸಿತು. ಅದಕ್ಕಾಗಿ ಕಾರ್ಯಕ್ರಮ ತಯಾರಿಸುವ ಕೇಂದ್ರಗಳು ವಿಶ್ವವಿದ್ಯಾಲಯಗಳ ಆವರಣಕ್ಕೆ ಬಂದವು. ಮುಂದೆ ಮೈಸೂರಿಗೂ ಅಂಥದ್ದೊಂದು ಬಂದಿತು. 1990ರ ದಶಕದಲ್ಲಿ ಅಚ್ಚುಮೊಳೆ ಮೂಲೆ ಸೇರಿ ಪುಟವಿನ್ಯಾಸ ಕಂಪ್ಯೂಟರ್ ಮೇಲೆ ನಡೆಯತೊಡಗಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು 'ನುಡಿ' ತಂತ್ರಾಂಶದಿಂದ ಕನ್ನಡ ಟೈಪಿಂಗ್ ಸುಲಭವಾಯಿತು. ಪತ್ರಿಕೋದ್ಯಮ ವಿಭಾಗಗಳು ಹೊರಡಿಸುವ ಪ್ರಾಯೋಗಿಕ ಪತ್ರಿಕೆಯನ್ನು ವಿದ್ಯಾರ್ಥಿಗಳೇ ಪುಟ ಕಟ್ಟಿ ಅಚ್ಚಿಗೆ ಕಳಿಸುವಂತಾಯಿತು. ಮೊಬೈಲ್ ಬಂದ ಮೇಲೆ ಬರೆಹ, ಚಿತ್ರ, ಧ್ವನಿ ಮೂರೂ ಒಂದೇ ಕೈಗೆ ಸೇರಿದವು. ಆಗ ಬಿ.ಎ. ಪತ್ರಿಕೋದ್ಯಮದ ಕೊನೆಯಲ್ಲಿ 'ನವ ಮಾಧ್ಯಮ' ಎಂಬ ಒಂದು ಪಠ್ಯಪತ್ರಿಕೆ ಸೇರಿಸಿದರೆ ಸಾಲದು, ಪ್ರತ್ಯೇಕ ಪದವಿಯೇ ಬೇಕು ಎಂಬ ಮಾತು ಶುರುವಾಯಿತು.

ಪ್ರತ್ಯೇಕ ಪದವಿ ಎಂದಾಗ ಮೊದಲು ಎದುರಾಗುವುದು ಹೆಸರು. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನಂತೆ ಕಾನೂನಿನಿಂದ ಸ್ಥಾಪಿತವಾದ ಅಥವಾ ಮಾನಿತ (ಡೀಮ್ಡ್) ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತಿನ ಕಾಯ್ದೆಯಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆ ಮಾತ್ರ ಪದವಿ ಕೊಡಬಹುದು. ಆ ಪದವಿಯ ಹೆಸರು ಆಯೋಗದ ಪಟ್ಟಿಯಲ್ಲಿರಬೇಕು. ಹಾಗಾಗಿ ಬಿ.ಎ., ಬಿ.ಎಸ್ಸಿ. ಅಥವಾ ಬಿ.ವೋಕ್. (ವೃತ್ತಿ ಶಿಕ್ಷಣ ಪದವಿ) ಎಂದು ಬರೆದು, ವಿಷಯವಾಗಿ 'ಡಿಜಿಟಲ್ ಮಾಧ್ಯಮ'ವನ್ನು ಅದರ ಪಕ್ಕದಲ್ಲಿ ಇಡಲಾಗುತ್ತದೆ. ಅದೇ ಪಠ್ಯವನ್ನು ಬಿ.ಸಿ.ಎ. ಹೆಸರಿನಡಿ ತಂದರೆ ದಾರಿ ಬದಲಾಗುತ್ತದೆ, ಏಕೆಂದರೆ ಬಿ.ಸಿ.ಎ., ಬಿ.ಬಿ.ಎ.ಗಳು 2024–25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಗೆ ಒಳಪಟ್ಟಿವೆ.

ಮುಂದಿನ ಹಂತಗಳನ್ನು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಗೊತ್ತುಮಾಡಿದೆ. ಪಠ್ಯಕ್ರಮವನ್ನು ಅಧ್ಯಯನ ಮಂಡಳಿ ಸಿದ್ಧಪಡಿಸುತ್ತದೆ. ಅದು ನಿಕಾಯದ ಮೂಲಕ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಹಣ ಮತ್ತು ಆಡಳಿತದ ಮಾತು ಸಿಂಡಿಕೇಟಿನಲ್ಲಿ ಬರುತ್ತದೆ. ಹೊಸ ಪದವಿಯ ನಿಯಮಾವಳಿಗೆ ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತ ಬೇಕು. ಇದು ವಿಶ್ವವಿದ್ಯಾಲಯದ ಕಡೆಯ ಕೆಲಸ. ಕಾಲೇಜಿನ ಕಡೆಯಿಂದ ಸಂಯೋಜನೆಯ ಅರ್ಜಿ ಹೋಗುತ್ತದೆ, ಸ್ಥಾನಿಕ ವಿಚಾರಣಾ ಸಮಿತಿ ಕಾಲೇಜಿಗೆ ಬರುತ್ತದೆ. ಸಮಿತಿಯ ಸದಸ್ಯರು ಕಟ್ಟಡದ ದಾಖಲೆ, ಗ್ರಂಥಾಲಯದ ದಾಸ್ತಾನು ಪುಸ್ತಕ, ಕಂಪ್ಯೂಟರ್ ಕೊಠಡಿ, ಕುಡಿಯುವ ನೀರು, ಶೌಚಾಲಯ, ಅಧ್ಯಾಪಕರ ವಿದ್ಯಾರ್ಹತೆಯ ಪ್ರಮಾಣಪತ್ರಗಳನ್ನು ಒಂದೊಂದಾಗಿ ನೋಡಿ ನಮೂನೆ ತುಂಬುತ್ತಾರೆ. ವರದಿ ಪರಿಷತ್ತು, ಸಿಂಡಿಕೇಟ್ ದಾಟಿ ಸರ್ಕಾರಕ್ಕೆ ಹೋಗಿ ಬಂದ ಮೇಲೆ ಸಂಯೋಜನೆಯ ಅಧಿಸೂಚನೆ ಹೊರಡುತ್ತದೆ.

ಈ ವ್ಯವಸ್ಥೆ ಪುಸ್ತಕ ಓದಿ ಪರೀಕ್ಷೆ ಬರೆಯುವ ವಿಷಯಗಳಿಗೆ ಒಗ್ಗಿದ್ದು. ಡಿಜಿಟಲ್ ಮಾಧ್ಯಮಕ್ಕೆ ಬಂದಾಗ ಅದರ ಎರಡು ಕೀಲುಗಳು ಬಿಗಿಯಾದವು. ಮೊದಲನೆಯದು ಸಮಯ. ಕಡತ ಎಲ್ಲ ಮೇಜುಗಳನ್ನು ದಾಟುವಷ್ಟರಲ್ಲಿ ಪಠ್ಯದಲ್ಲಿ ಹೆಸರಿಸಿದ ತಂತ್ರಾಂಶ ಹಳತಾಗಿರುತ್ತದೆ. ಅದಕ್ಕಾಗಿ ಅನುಭವಿ ಅಧ್ಯಯನ ಮಂಡಳಿಗಳು ಸಿದ್ಧಾಂತದ ಪತ್ರಿಕೆಯಲ್ಲಿ ಕಥನ, ಕಾನೂನು, ನೀತಿ, ಸುದ್ದಿಯ ಸತ್ಯಪರಿಶೀಲನೆಗಳನ್ನು ಬರೆದು, ಉಪಕರಣದ ಹೆಸರು ಹೇಳದೆ ಪ್ರಯೋಗಾಲಯಕ್ಕೆ ಬಿಡುತ್ತವೆ. ಎರಡನೆಯದು ಅಧ್ಯಾಪಕರು. ಕಾಯಂ ಹುದ್ದೆಗೆ ಸ್ನಾತಕೋತ್ತರ ಪದವಿಯೊಂದಿಗೆ ನೆಟ್, ಕೆ–ಸೆಟ್ ಅರ್ಹತಾ ಪರೀಕ್ಷೆಗಳಲ್ಲೊಂದು ಅಥವಾ ಪಿಎಚ್.ಡಿ. ಬೇಕು, ವಿಡಿಯೊ ಸಂಕಲನದಲ್ಲಿ ಪಳಗಿದವರ ಬಳಿ ಅದು ಇರುವುದು ಅಪರೂಪ. ಯುಜಿಸಿ 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ನಿಯಮ ಕನಿಷ್ಠ 15 ವರ್ಷ ವೃತ್ತಿಯಲ್ಲಿರುವವರನ್ನು ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯೊಳಗೆ ತೆಗೆದುಕೊಳ್ಳಲು ದಾರಿ ಮಾಡಿತು. ಸಾಮಾನ್ಯ ಸರ್ಕಾರಿ ಕಾಲೇಜಿನಲ್ಲಿ ಇಂಥ ಕಾರ್ಯಭಾರವನ್ನು ಹೆಚ್ಚಾಗಿ ಹೊರುವವರು ಅತಿಥಿ ಉಪನ್ಯಾಸಕರು.

ಬರೆಹ ಮತ್ತು ಯಂತ್ರದ ನಡುವಣ ಹಳೆಯ ಅಂತರವನ್ನು ಲೆಕ್ಕದಲ್ಲೇ ಮುಚ್ಚಲು ನೋಡಿದ್ದು ಯುಜಿಸಿಯ ಬಿ.ವೋಕ್. ಯೋಜನೆ. 2014ರಲ್ಲಿ ಬಂದ ಈ ಪದವಿಗೆ ವರ್ಷಕ್ಕೆ 60ರಂತೆ ಮೂರು ವರ್ಷಕ್ಕೆ 180 ಕ್ರೆಡಿಟ್. ವರ್ಷದ 60ರಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಒಂದು ವರ್ಷ ಓದಿ ಬಿಟ್ಟವರಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ಕ್ರೆಡಿಟ್ ಪದ್ಧತಿಯ ಸಾಮಾನ್ಯ ಲೆಕ್ಕದಲ್ಲಿ ಪಾಠವಾದರೆ ವಾರಕ್ಕೆ ಒಂದು ಗಂಟೆಗೆ ಒಂದು ಕ್ರೆಡಿಟ್, ಪ್ರಾಯೋಗಿಕವಾದರೆ ಎರಡು ಗಂಟೆಗೆ ಒಂದು. ಹೀಗಾಗಿ ಕೌಶಲದ ಪಾಲು ಹೆಚ್ಚಿದಷ್ಟೂ ವೇಳಾಪಟ್ಟಿ ಹಿಗ್ಗುತ್ತದೆ, ಪ್ರಯೋಗಾಲಯ ದಿನವಿಡೀ ತೆರೆದಿರಬೇಕಾಗುತ್ತದೆ. ಯೋಜನೆಯ ಅನುದಾನ ನಿಂತ ಮೇಲೂ ಈ ಖರ್ಚು ತಾಳುವ ಶಕ್ತಿ ಇದ್ದದ್ದು ಶುಲ್ಕ ಹೆಚ್ಚಿರುವ ನಗರದ ಕಾಲೇಜುಗಳಿಗೆ.

ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದಿತು. ಮಾದರಿ ಪಠ್ಯಕ್ರಮಗಳು ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಸಮಿತಿಗಳಿಂದ ಬಂದವು. ಪದವಿ ನಾಲ್ಕು ವರ್ಷಕ್ಕೆ ವಿಸ್ತರಿಸಿತು. 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪಠ್ಯಪತ್ರಿಕೆ ಎಲ್ಲ ವಿದ್ಯಾರ್ಥಿಗಳಿಗೂ ಬಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಮೂರೇ ವರ್ಷದೊಳಗೆ ಅಧ್ಯಯನ ಮಂಡಳಿಗಳು ಎರಡು ಸಲ ಪಠ್ಯ ಕಟ್ಟಬೇಕಾಯಿತು.

ಸಂಯೋಜಿತ ಕಾಲೇಜು, ಸ್ವಾಯತ್ತ ಕಾಲೇಜು, ಖಾಸಗಿ ವಿಶ್ವವಿದ್ಯಾಲಯ ಎಂಬ ಅನುಮತಿಯ ಮೂರು ಬಗೆಗಳೂ ಮಂಡ್ಯ ಜಿಲ್ಲೆಯಲ್ಲಿ ಕಾಣುತ್ತವೆ. 1939ರಲ್ಲಿ ರಚನೆಯಾದ ಈ ಜಿಲ್ಲೆಯ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದ್ದವು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಾಲೇಜುಗಳಿಗೆ ಹೊಸ ವಿಷಯ ಬೇಕಾದರೆ ಕಡತ ಮೈಸೂರಿನಲ್ಲಿರುವ ವಿಶ್ವವಿದ್ಯಾಲಯದ ಆಡಳಿತ ಕಚೇರಿ ಕ್ರಾಫರ್ಡ್ ಭವನಕ್ಕೆ ಹೋಗಬೇಕಿತ್ತು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜು ಸ್ವಾಯತ್ತವಾದ್ದರಿಂದ ತನ್ನದೇ ಅಧ್ಯಯನ ಮಂಡಳಿ ಹೊಂದಿತ್ತು, ಪಠ್ಯವನ್ನು ತಾನೇ ತಿದ್ದಬಹುದಿತ್ತು. ಅದೇ ಕಾಲೇಜಿನ ಬುನಾದಿಯ ಮೇಲೆ ಮಂಡ್ಯ ವಿಶ್ವವಿದ್ಯಾಲಯ ರೂಪುಗೊಂಡಿತು, ಮುಂದೆ ಜಿಲ್ಲೆಯ ಕಾಲೇಜುಗಳ ಸಂಯೋಜನೆಯೂ ಅದಕ್ಕೆ ಬಂತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವಿಶ್ವವಿದ್ಯಾಲಯ ಖಾಸಗಿ. ರಾಜ್ಯದ ಪ್ರತ್ಯೇಕ ಕಾಯ್ದೆಯಿಂದ ಸ್ಥಾಪಿತವಾದ್ದರಿಂದ ಬೇರೆ ವಿಶ್ವವಿದ್ಯಾಲಯದ ಸಂಯೋಜನೆಯ ಹಂಗು ಅದಕ್ಕಿಲ್ಲ.

ಇದರಿಂದಾಗಿ ಪ್ರತ್ಯೇಕ ಡಿಜಿಟಲ್ ಮಾಧ್ಯಮ ಪದವಿ ಸ್ವಾಯತ್ತ ಕಾಲೇಜು, ಮಾನಿತ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿಗೆ ಬೇಗ ದಕ್ಕುತ್ತದೆ. ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ ಸುಲಭವಾಗಿ ತೆರೆದಿರುವುದು 1951ರ ಮೈಸೂರು ಮಾದರಿ, ಎಂದರೆ ಇರುವ ಬಿ.ಎ.ಯೊಳಗೆ ಹೊಸ ಪಠ್ಯಪತ್ರಿಕೆಗಳನ್ನು ಸೇರಿಸುವುದು. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿ ಮಂಡ್ಯವೂ ಸೇರಿದಂತೆ ರಾಜ್ಯದ ಹಲವು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವಂತೆ ಶಿಫಾರಸು ಮಾಡಿತು. ಜಿಲ್ಲೆಯ ಕಾಲೇಜುಗಳ ಅರ್ಜಿ ಮಂಡ್ಯದಲ್ಲೇ ಇತ್ಯರ್ಥವಾಗಬೇಕೋ ಮತ್ತೆ ಮೈಸೂರಿಗೆ ಹೋಗಬೇಕೋ ಎಂಬ ಪ್ರಶ್ನೆಯನ್ನು ಆ ಶಿಫಾರಸು ಪುನಃ ಎತ್ತಿತು.